ಸಂಕ್ರಾಂತಿಯಿಂದ ಶಿವರಾತ್ರಿವರೆಗೆ: ಕುಂಡದ ಪೈನ್ ಬೆಳೆಸುವವರಿಗೆ ಕಿವಿಮಾತು

ನಮ್ಮೂರು ತಿಂಥಣಿಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಈ ದಿನಗಳಲ್ಲಿ ಕುಂಡದ ಗಿಡಕ್ಕೆ ದಿನಕ್ಕೆರಡು ಋತು. ನಸುಕಿನಲ್ಲಿ ಕೃಷ್ಣಾ ನದಿಯ ಕಡೆಯಿಂದ ತಣ್ಣನೆ ಗಾಳಿ, ಮಧ್ಯಾಹ್ನ ಮಾಳಿಗೆ ಕಾಯಿಸುವ ಬಿಸಿಲು. ನೆಲದ ಮರಕ್ಕಾದರೆ ಆಳದ ಮಣ್ಣು ಆಸರೆ. ನಾಲ್ಕು ಬೆರಳು ಆಳದ ಬೋನ್ಸಾಯ್ ತಟ್ಟೆಯಲ್ಲಿ ಆ ಆಸರೆ ಇಲ್ಲ. ಅದಕ್ಕೇ ಹೇಳುತ್ತೇನೆ, ಮೊದಲು ಬೇರು ಕಾಯಿರಿ.

• ನಿಮ್ಮ ಗಿಡ ಯಾವುದೆಂದು ಮೊದಲು ತಿಳಿದುಕೊಳ್ಳಿ. ಜಪಾನಿನ ಕಪ್ಪು ಪೈನ್‌ಗೆ ಚಳಿಗಾಲದ ವಿಶ್ರಾಂತಿ ಬೇಕು. ನಮ್ಮ ಚಳಿ ಅದಕ್ಕೆ ಸಾಲದು, ಹೀಗಾಗಿ ಬಯಲುಸೀಮೆಯಲ್ಲಿ ಅದು ಬಹಳ ಕಾಲ ಬಾಳುವುದು ಕಷ್ಟ. ಅದೇ ರೂಪ ಬೇಕೆನ್ನುವವರು ಗಾಳಿಮರ ಬೆಳೆಸಿ. ಅದರ ಸೂಜಿಯಂಥ ಹಸಿರು ಕಡ್ಡಿಗಳು ಪೈನ್‌ನಂತೆಯೇ ಕಾಣುತ್ತವೆ, ನಮ್ಮ ಬಿಸಿಲನ್ನೂ ತಾಳುತ್ತವೆ.

• ಚಳಿಯೆಂದು ಗಿಡವನ್ನು ಕೋಣೆಯೊಳಗೆ ಇಡಬೇಡಿ. ಪೈನ್ ಆಗಲಿ ಗಾಳಿಮರ ಆಗಲಿ, ಬೆಳಕಿಲ್ಲದಿದ್ದರೆ ಸೊರಗುತ್ತದೆ. ರಾತ್ರಿ ಗೋಡೆಯ ಪಕ್ಕ, ಸೂರಿನ ಕೆಳಗೆ ಇಟ್ಟರೆ ಸಾಕು. ಬಯಲಾಕಾಶದ ಕೆಳಗಿರುವುದಕ್ಕಿಂತ ಅಲ್ಲಿ ಬೆಚ್ಚಗಿರುತ್ತದೆ.

• ಹೊದಿಸಲೇಬೇಕೆಂದರೆ ಹಳೆಯ ಹತ್ತಿ ಬಟ್ಟೆ ಹೊದಿಸಿ, ಬಿಸಿಲೇರುವ ಮುಂಚೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ಬೇಡ. ಬಿಸಿಲು ಬಿದ್ದ ಕೂಡಲೇ ಅದರೊಳಗೆ ಗಿಡ ಬೇಯುತ್ತದೆ.

• ಸೂರ್ಯನ ದಾರಿ ಗಮನಿಸಿ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ನಡುಹಗಲ ಸೂರ್ಯ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ, ಮಾರ್ಚ್ 21ರ ಹೊತ್ತಿಗೆ 73 ಡಿಗ್ರಿ ದಾಟುತ್ತಾನೆ. ದಕ್ಷಿಣದ ಪಡಸಾಲೆಯಲ್ಲಿ ಸಂಕ್ರಾಂತಿಗೆ ಬಿಸಿಲು ಬೀಳುತ್ತಿದ್ದ ಜಾಗಕ್ಕೆ ಯುಗಾದಿಗೆ ಸೂರಿನ ನೆರಳು ಬರುತ್ತದೆ. ರಥಸಪ್ತಮಿ ಕಳೆದ ಮೇಲೆ ಜಾಗ ಮತ್ತೊಮ್ಮೆ ನೋಡಿ.

• ಮೂಡಣ ಬಿಸಿಲು ಧಾರಾಳ ಸಿಗಲಿ, ಪಡುವಣ ಬಿಸಿಲಿಗೆ ತಡೆ ಇರಲಿ. ನೆರಳಲ್ಲಿದ್ದ ಗಿಡವನ್ನು ಒಮ್ಮೆಗೇ ಬಿಸಿಲಿಗೆ ತರಬೇಡಿ, ಎರಡು ವಾರ ದಿನಕ್ಕಿಷ್ಟಿಷ್ಟೇ ಹೆಚ್ಚಿಸಿ. ಸುಟ್ಟ ಸೂಜಿ ಮತ್ತೆ ಹಸಿರಾಗುವುದಿಲ್ಲ.

• ಕುಂಡವನ್ನು ಸಿಮೆಂಟ್ ಮಾಳಿಗೆಯ ಮೇಲೆ ನೇರ ಇಡಬೇಡಿ. ಇಟ್ಟಿಗೆ ಅಥವಾ ಹಲಗೆಯ ಮೇಲೆ ಎತ್ತರಿಸಿ, ಕೆಳಗೆ ಗಾಳಿಯಾಡಲಿ. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಸುತ್ತ ಗೋಣಿಚೀಲ ಸುತ್ತಿ.

• ನಮ್ಮ ಹೊಲದ ಎರೆಮಣ್ಣು ಹತ್ತಿಗೆ ಒಳ್ಳೆಯದು, ತಟ್ಟೆಗೆ ಬೇಡ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿದು ಎಳೆಬೇರನ್ನು ಹರಿಯುತ್ತದೆ. ದಪ್ಪ ಮರಳು, ಜರಡಿ ಹಿಡಿದ ಇಟ್ಟಿಗೆ ಚೂರು, ಸ್ವಲ್ಪ ಹಳೆಯ ಗೊಬ್ಬರ ಸೇರಿಸಿ.

• ನೀರು ಬೆಳಿಗ್ಗೆ ಹಾಕಿ, ಸಂಜೆ ಹಾಕಿದರೆ ಬೇರು ರಾತ್ರಿಯಿಡೀ ತಣ್ಣಗೆ ತೊಯ್ದಿರುತ್ತದೆ. ಬೆರಳಿನ ಮೊದಲ ಗಿಣ್ಣಿನವರೆಗೆ ಮಣ್ಣು ಮುಟ್ಟಿ ನೋಡಿ. ಗಾಳಿಮರ ಬೇಗ ಕುಡಿಯುತ್ತದೆ, ಪೈನ್ ನಿಧಾನ. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದ್ದರೆ ಸಿಹಿನೀರನ್ನು ತಳದಿಂದ ಹರಿಯುವಷ್ಟು ಹೊಯ್ದು ತೊಳೆಯಿರಿ.

• ಚಿಗುರು ಕಾಣುವವರೆಗೆ ಗೊಬ್ಬರಕ್ಕೆ ಅವಸರ ಬೇಡ. ಪೈನ್‌ನ ಕುಂಡ ಬದಲಿಸುವುದಾದರೆ ಮೊಗ್ಗು ನೀಳವಾಗುವ ಮುಂಚೆಯೇ ಬದಲಿಸಿ, ಬೇರಿಗಂಟಿದ ಬಿಳಿ ಶಿಲೀಂಧ್ರವಿರುವ ಹಳೆಮಣ್ಣು ಸ್ವಲ್ಪ ಉಳಿಸಿ. ಪೈನ್‌ಗೆ ಅದರಿಂದಲೇ ಆಹಾರ ಸುಲಭವಾಗಿ ದಕ್ಕುವುದು. ಗಾಳಿಮರಕ್ಕೆ ಚಳಿ ಪೂರ್ತಿ ಹೋಗಲಿ.

• ಭಾರತ ಹುಣ್ಣಿಮೆಗೆ ನಮ್ಮೂರ ಮೌನೇಶ್ವರ ಜಾತ್ರೆ, ಮನೆ ತುಂಬ ನೆಂಟರು. ಕುಂಡಗಳು ಮೂಲೆ ಸೇರುವುದು ಆಗಲೇ. ನೀರು ಹಾಕುವ ಹೊಣೆಯನ್ನು ಮೊದಲೇ ಒಬ್ಬರಿಗೆ ಒಪ್ಪಿಸಿ. ಬೋನ್ಸಾಯ್ ತಟ್ಟೆಗೆ ಒಂದೇ ದಿನದ ಮರೆವೂ ದುಬಾರಿ.

ಶಿವರಾತ್ರಿಯ ಹೊತ್ತಿಗೆ ಹೊದಿಕೆ ಮಡಚಿಡಿ, ನೆರಳುಬಲೆ ಸಿದ್ಧವಿರಲಿ. ಬೇಸಿಗೆಗೆ ಗಿಡ ಹೇಗೆ ಎದುರು ನಿಲ್ಲುತ್ತದೆ ಎಂಬುದು ಈ ದಿನಗಳ ಆರೈಕೆಯಲ್ಲೇ ತೀರ್ಮಾನವಾಗುತ್ತದೆ.