ಖಿನ್ನತೆಯ ಗುಳಿಗೆ: ಅಳತೆ, ಅಡ್ಡಪರಿಣಾಮ, ನಿಲುಗಡೆ

ಜ್ವರದ ಗುಳಿಗೆಯನ್ನು ನುಂಗಿದ ಸ್ವಲ್ಪ ಹೊತ್ತಿನಲ್ಲಿಯೇ ಮೈ ಬೆವರಿ ತಾಪ ಇಳಿಯುವುದನ್ನು ಎಲ್ಲರೂ ಬಲ್ಲರು. ಔಷಧವೆಂದರೆ ಸೇವಿಸಿದ ಕೂಡಲೆ ಗುಣ ಕಾಣಬೇಕು, ಗುಣ ಕಂಡ ಕೂಡಲೆ ಅದನ್ನು ಬಿಡಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದಕ್ಕೆ ಈ ಅನುಭವವೇ ಕಾರಣ. ಆದರೆ ಮನಸ್ಸಿನ ಖಿನ್ನತೆಗೆ ವೈದ್ಯರು ಕೊಡುವ ಔಷಧಗಳು ಈ ವರ್ಗಕ್ಕೆ ಸೇರಿದವಲ್ಲ. ಇವುಗಳಲ್ಲಿ ತೊಂದರೆ ಮೊದಲು, ಗುಣ ಅನಂತರ; ಗುಣವಾದ ಮೇಲೆಯೂ ಅನೇಕ ತಿಂಗಳು ಇವನ್ನು ಸೇವಿಸಬೇಕಾಗುತ್ತದೆ; ಬಿಡುವಾಗಲಾದರೂ ಒಮ್ಮೆಲೇ ಬಿಡುವಂತಿಲ್ಲ. ಈ ಮೂರು ಸಂಗತಿಗಳ ಹಿಂದೆಯೂ ಮುಖ್ಯವಾಗಿ ಒಂದೇ ತತ್ತ್ವವಿದೆ. ಮಿದುಳು ಔಷಧಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಔಷಧವಿಲ್ಲದ ಸ್ಥಿತಿಗೂ ಅಷ್ಟೇ ನಿಧಾನವಾಗಿ ಮರಳುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಈ ತಿಳಿವಳಿಕೆಗೆ ವಿಶೇಷವಾದ ಬೆಲೆಯುಂಟು. ಅಲ್ಲಿ ಅನೇಕ ಮನೆಗಳು ಅಡಕೆ ತೋಟಗಳ ಮಗ್ಗುಲಲ್ಲಿ ಒಂದೊಂದಾಗಿ ಚದರಿಕೊಂಡಿವೆ. ಔಷಧದ ಅಂಗಡಿ ಪೇಟೆಯಲ್ಲಿದೆ. ಮಳೆಗಾಲದಲ್ಲಿ ದಾರಿಯನ್ನು ನಂಬುವಂತಿಲ್ಲ. 2021ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದುದನ್ನೂ, ಅರಬೈಲು ಘಟ್ಟದಲ್ಲಿ ಸಂಚಾರ ನಿಂತುಹೋದುದನ್ನೂ ವಾಚಕರು ನೆನೆಯಬಹುದು. ಇಂಥ ದಿನಗಳಲ್ಲಿ ಗುಳಿಗೆ ತೀರಿಹೋದರೆ, ರೋಗಿಯು ಬಯಸದೆಯೇ ಔಷಧ ನಿಲ್ಲುತ್ತದೆ. ಆಗ ದೇಹದಲ್ಲಿ ಏನಾಗುವುದೆಂಬುದನ್ನು ಮನೆಯವರೆಲ್ಲರೂ ತಿಳಿದಿರುವುದು ಒಳ್ಳೆಯದು.

ಈ ಔಷಧಗಳು ಬಂದ ಬಗೆ

ಖಿನ್ನತೆಯ ಮೊದಲ ಔಷಧಗಳನ್ನು ಯಾರೂ ಹುಡುಕಿಕೊಂಡು ಹೋಗಿ ಕಂಡುಹಿಡಿಯಲಿಲ್ಲ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೋನಿಯಜಿಡ್ ಎಂಬ ಔಷಧವನ್ನು ಕೊಡುತ್ತಿದ್ದಾಗ, ರೋಗಿಗಳಲ್ಲಿ ಅನಿರೀಕ್ಷಿತವಾದ ಉಲ್ಲಾಸ ಕಂಡುಬಂದಿತು. ಸ್ವಿಟ್ಜರ್ಲೆಂಡಿನಲ್ಲಿ ರೋಲಂಡ್ ಕೂನ್ ಎಂಬ ಮನೋವೈದ್ಯನು ಇಮಿಪ್ರಮಿನ್ ಎಂಬ ವಸ್ತುವು ಖಿನ್ನತೆಯನ್ನು ಕಡಮೆಮಾಡುವುದನ್ನು ಗಮನಿಸಿ 1957ರಲ್ಲಿ ಪ್ರಕಟಿಸಿದನು. ಸಿರೋಟೋನಿನ್ ಎಂಬ ರಾಸಾಯನಿಕದ ಮೇಲೆ ಮುಖ್ಯವಾಗಿ ಕೆಲಸಮಾಡುವ ಫ್ಲೂಆಕ್ಸೆಟಿನ್ ಔಷಧಕ್ಕೆ ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ದೊರೆಯಿತು. ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ಸಿಟಾಲೊಪ್ರಾಮ್, ಎಸಿಟಾಲೊಪ್ರಾಮ್ ಮೊದಲಾದುವು ಇದೇ ಬಳಗಕ್ಕೆ ಸೇರಿದವು. ಇಮಿಪ್ರಮಿನ್ ಮತ್ತು ಅಮಿಟ್ರಿಪ್ಟಿಲಿನ್ ಹಳೆಯ ಬಳಗದವು, ಇಂದಿಗೂ ಬಳಕೆಯಲ್ಲಿವೆ.

ಗುಣ ತಡವಾಗಿ ಕಾಣುವುದೇಕೆ?

ಒಂದು ನರಕೋಶಕ್ಕೂ ಮತ್ತೊಂದಕ್ಕೂ ನಡುವೆ ಅತಿ ಕಿರಿದಾದ ತೆರಪಿದೆ. ಸಂದೇಶವನ್ನು ದಾಟಿಸಬೇಕಾದಾಗ ಒಂದು ಕೋಶವು ಸಿರೋಟೋನಿನ್‌ನಂಥ ರಾಸಾಯನಿಕವನ್ನು ಆ ತೆರಪಿಗೆ ಬಿಡುತ್ತದೆ. ಎದುರಿನ ಕೋಶದ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಕೆಲಸ ಮುಗಿದ ಮೇಲೆ ಬಿಟ್ಟ ಕೋಶವೇ ಉಳಿದುದನ್ನು ಮರಳಿ ಹೀರಿಕೊಳ್ಳುತ್ತದೆ. ಈ ಮರುಹೀರುವ ಪ್ರೋಟೀನಿಗೆ ಅಡ್ಡಗಟ್ಟುವುದೇ ಫ್ಲೂಆಕ್ಸೆಟಿನ್ ಬಳಗದ ಔಷಧಗಳ ಕೆಲಸ.

ಈ ಅಡ್ಡಗಟ್ಟುವಿಕೆ ಮೊದಲ ಗುಳಿಗೆಯ ಕೆಲವು ಗಂಟೆಗಳಲ್ಲಿಯೇ ಆಗಿಬಿಡುತ್ತದೆ. ಆದರೂ ಮನಸ್ಸಿಗೆ ನೆಮ್ಮದಿ ದೊರೆಯಲು ಸಾಮಾನ್ಯವಾಗಿ 2ರಿಂದ 4 ವಾರ, ಪೂರ್ಣಫಲ ಕಾಣಲು 6ರಿಂದ 8 ವಾರ ಹಿಡಿಯುತ್ತದೆ. ಹೆಚ್ಚಿದ ಸಿರೋಟೋನಿನ್ನಿಗೆ ನರಕೋಶಗಳು ತಮ್ಮ ಗ್ರಾಹಕಗಳ ಸಂಖ್ಯೆಯನ್ನೂ ಸೂಕ್ಷ್ಮತೆಯನ್ನೂ ಸರಿಪಡಿಸಿಕೊಳ್ಳಬೇಕು. ಹೊಸ ಸಂಬಂಧಗಳನ್ನು ಬೆಳೆಸಬೇಕು. ಇದು ಗಂಟೆಗಳ ಕೆಲಸವಲ್ಲ, ವಾರಗಳ ಕೆಲಸ. ‘ಸಿರೋಟೋನಿನ್ ಕಡಮೆಯಾದುದೇ ಖಿನ್ನತೆ’ ಎಂಬ ಸರಳ ಹೇಳಿಕೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಜ್ವರದ ಗುಳಿಗೆಯಿಂದ ಜ್ವರ ಇಳಿಯಿತೆಂದ ಮಾತ್ರಕ್ಕೆ ಆ ಗುಳಿಗೆಯ ಕೊರತೆಯಿಂದ ಜ್ವರ ಬಂದಿತ್ತೆಂದು ಹೇಳಲಾದೀತೆ?

ಅಡ್ಡಪರಿಣಾಮಗಳು

ದೇಹದಲ್ಲಿರುವ ಸಿರೋಟೋನಿನ್‌ನ ಸುಮಾರು 90 ಪಾಲು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಆದಕಾರಣ ಔಷಧದ ಮೊದಲ ದಿನಗಳಲ್ಲಿ ಓಕರಿಕೆ, ಹೊಟ್ಟೆ ತೊಳಸುವುದು, ಭೇದಿ ಇವು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ತಲೆನೋವು, ನಿದ್ರೆಯ ಏರುಪೇರು, ಬೆವರುವುದು, ಚಡಪಡಿಕೆ ಇವೂ ಉಂಟಾಗಬಹುದು. ಇವುಗಳಲ್ಲಿ ಹೆಚ್ಚಿನವು ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಗುಳಿಗೆಯನ್ನು ಊಟದ ಜೊತೆ ಸೇವಿಸಿದರೆ ಓಕರಿಕೆ ಅನೇಕರಲ್ಲಿ ಕಡಮೆಯಾಗುತ್ತದೆ. ಲೈಂಗಿಕ ಆಸಕ್ತಿ ಕುಗ್ಗುವುದು, ತೂಕ ಏರುವುದು ಇವು ಮಾತ್ರ ಬಹುಕಾಲ ಉಳಿಯಬಹುದು. ನಾಚಿಕೆಯಿಂದ ಇದನ್ನು ಹೇಳದೆ ಗುಳಿಗೆಯನ್ನೇ ಬಿಟ್ಟುಬಿಡುವವರು ಉಂಟು. ವೈದ್ಯರಿಗೆ ಹೇಳಿದರೆ ಅಳತೆಯನ್ನೋ ಔಷಧವನ್ನೋ ಬದಲಿಸುವ ಮಾರ್ಗವಿದೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಬಳಗದವುಗಳಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಎದ್ದುನಿಂತಾಗ ತಲೆಸುತ್ತುವುದು ಹೆಚ್ಚು. ಇವು ಅಳತೆ ಮೀರಿದರೆ ಹೃದಯಕ್ಕೆ ಅಪಾಯಕರವಾದುದರಿಂದ ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು.

ಕೆಲವು ಚಿಹ್ನೆಗಳು ಕಂಡರೆ ಕಾಯಕೂಡದು. 25 ವರ್ಷಕ್ಕಿಂತ ಕಿರಿಯರಲ್ಲಿ, ಔಷಧ ಆರಂಭಿಸಿದಾಗ ಅಥವಾ ಅಳತೆ ಬದಲಾದಾಗ, ಬದುಕು ಬೇಡವೆಂಬ ಯೋಚನೆ ಕೆಲವರಲ್ಲಿ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2004ರಲ್ಲಿಯೂ 2007ರಲ್ಲಿಯೂ ಎಚ್ಚರಿಕೆ ಕೊಟ್ಟಿತು. ಇದರಿಂದ ತರುಣರಿಗೆ ಔಷಧವೇ ಕೂಡದೆಂದು ತಿಳಿಯಬಾರದು. ಮೊದಲ ವಾರಗಳಲ್ಲಿ ಮನೆಯವರೂ ವೈದ್ಯರೂ ಹತ್ತಿರದಿಂದ ಗಮನಿಸಬೇಕೆಂದು ತಿಳಿಯಬೇಕು. ನಿದ್ರೆಯೇ ಬೇಡವಾಗಿ ಮಿತಿಮೀರಿದ ಉತ್ಸಾಹ, ಮಾತು, ದುಂದುವೆಚ್ಚ ಕಂಡುಬಂದರೆ ಅದು ಬೇರೊಂದು ಮನೋರೋಗದ ಸೂಚನೆಯಾಗಿರಬಹುದು. ವೃದ್ಧರಲ್ಲಿ ರಕ್ತದ ಸೋಡಿಯಂ ಇಳಿದು ಮಂಕು ಕವಿಯಬಹುದು. ಟ್ರಮಡಾಲ್‌ನಂಥ ನೋವಿನ ಔಷಧವೂ, ಕೆಮ್ಮಿಗೆ ಕೊಡುವ ಡೆಕ್ಸ್ಟ್ರೋಮೆಥಾರ್ಫನ್ ಔಷಧವೂ ಜೊತೆಗೂಡಿದರೆ ನಡುಕ, ಜ್ವರ, ಗೊಂದಲ ಉಂಟಾಗಬಹುದು. ಆದುದರಿಂದ ಬೇರೆ ಕಾಯಿಲೆಗೆ ಯಾವ ವೈದ್ಯರ ಬಳಿಗೆ ಹೋದರೂ ಈ ಗುಳಿಗೆಯ ಚೀಟಿಯನ್ನು ತೋರಿಸಬೇಕು. ಮದ್ಯಪಾನ ಸಲ್ಲದು.

ಅಳತೆಯ ಲೆಕ್ಕ

ಹೆಚ್ಚು ನುಂಗಿದರೆ ಬೇಗ ಗುಣವಾದೀತೆ? ಮಲೆನಾಡಿನ ತೋಟಿಗರಿಗೆ ಇದರ ಉತ್ತರ ಕಷ್ಟವಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಮೈಲುತುತ್ತವನ್ನು ಸುರಿದಷ್ಟೂ ರೋಗ ಹಿಂಜರಿಯುವುದಿಲ್ಲ, ಗಿಡವೇ ಸುಡುತ್ತದೆ. ಔಷಧದಲ್ಲಿಯೂ ಒಂದು ಮಟ್ಟದ ಆಚೆಗೆ ಫಲಕ್ಕಿಂತ ಅಡ್ಡಪರಿಣಾಮವೇ ಹೆಚ್ಚು.

ಇದಕ್ಕೆ ಅಳೆದು ಕಂಡ ಆಧಾರವಿದೆ. ಮಿದುಳಿನ ಚಿತ್ರಗಳನ್ನು ತೆಗೆದು, ಎಷ್ಟು ಔಷಧಕ್ಕೆ ಮರುಹೀರುವ ಪ್ರೋಟೀನಿನ ಎಷ್ಟು ಪಾಲು ಅಡ್ಡಗಟ್ಟಲ್ಪಡುವುದೆಂದು ಲೆಕ್ಕಹಾಕಲಾಗಿದೆ. ಸಿಟಾಲೊಪ್ರಾಮ್ ವಿಷಯದಲ್ಲಿ ದಿನಕ್ಕೆ 20 ಮಿಲಿಗ್ರಾಂ ಸೇವಿಸಿದರೆ ಶೇಕಡ 80ರಷ್ಟು ಅಡ್ಡಗಟ್ಟುತ್ತದೆ. ಅದನ್ನು ಇಮ್ಮಡಿಸಿ 40 ಮಿಲಿಗ್ರಾಂ ಮಾಡಿದರೆ ಶೇಕಡ 86ರಷ್ಟಾಗುತ್ತದೆ, ಅಷ್ಟೆ. ಕೆಳಮುಖವಾಗಿ ನೋಡಿದರೆ ಸುಮಾರು 9 ಮಿಲಿಗ್ರಾಮಿಗೆ 70, 5.4ಕ್ಕೆ 60, 2.3ಕ್ಕೆ 40, 0.8ಕ್ಕೆ ಶೇಕಡ 20. ವಿದ್ಯಾರ್ಥಿಗಳು ಈ ಅಂಕಿಗಳನ್ನು ಚೌಕಳಿ ಕಾಗದದ ಮೇಲೆ ಗುರುತಿಸಿ ಗೆರೆ ಎಳೆದು ನೋಡಲಿ. ಗೆರೆಯು ಆರಂಭದಲ್ಲಿ ಕಡಿದಾಗಿ ಏರಿ, ಅನಂತರ ಬಯಲಿನಂತೆ ಚಪ್ಪಟೆಯಾಗುವುದು ಕಾಣುತ್ತದೆ.

ಒಂದು ದಿನ ಗುಳಿಗೆ ಮರೆತರೆ, ಅದೇ ದಿನ ನೆನಪಾದಾಗ ಸೇವಿಸಬಹುದು. ಮರುದಿನ ನೆನಪಾದರೆ ಆ ದಿನದ ಗುಳಿಗೆ ಮಾತ್ರ. ಎರಡನ್ನು ಒಟ್ಟಿಗೆ ನುಂಗಕೂಡದು.

ಗುಣವಾದ ಮೇಲೂ ಏಕೆ?

ಕಾಯಿಗಳು ಆರೋಗ್ಯವಾಗಿ ಕಾಣುತ್ತಿದ್ದರೂ ತೋಟಿಗರು 40–45 ದಿನಗಳ ಮೇಲೆ ಎರಡನೆಯ ಸಲ ಔಷಧ ಹೊಡೆಸುತ್ತಾರೆ. ಮಳೆ ಇನ್ನೂ ಮುಗಿದಿಲ್ಲವೆಂದು ಅವರಿಗೆ ಗೊತ್ತು. ಖಿನ್ನತೆಯೂ ಲಕ್ಷಣಗಳು ಹಿಂಜರಿದ ಕೂಡಲೆ ತೊಲಗಿತೆಂದಲ್ಲ. ಮೊದಲ ಸಲ ಖಿನ್ನತೆ ಬಂದವರು ಗುಣವಾದ ಮೇಲೆ ಕನಿಷ್ಠ 6ರಿಂದ 9 ತಿಂಗಳು ಔಷಧವನ್ನು ಮುಂದುವರಿಸಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಮತ್ತೆ ಮತ್ತೆ ಬಂದವರಿಗೆ ಇನ್ನೂ ದೀರ್ಘಕಾಲ ಬೇಕಾಗಬಹುದು.

ಬಹುಕಾಲದಿಂದ ಔಷಧ ಸೇವಿಸುತ್ತಿದ್ದ 478 ಜನರ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಯೊಂದು 2021ರಲ್ಲಿ ಪ್ರಕಟವಾಯಿತು. ಮುಂದುವರಿಸಿದವರಲ್ಲಿ 52 ವಾರಗಳೊಳಗೆ ಖಿನ್ನತೆ ಮರುಕಳಿಸಿದ್ದು ಶೇಕಡ 39 ಮಂದಿಗೆ. ಬಿಟ್ಟವರಲ್ಲಿ ಶೇಕಡ 56 ಮಂದಿಗೆ. ಔಷಧವು ರಕ್ಷಣೆ ಕೊಡುವುದು ನಿಜ, ಆದರೆ ಅದು ಪೂರ್ಣರಕ್ಷಣೆಯಲ್ಲ. ಬಿಟ್ಟವರಲ್ಲಿಯೂ ಶೇಕಡ 44 ಮಂದಿ ಆ ಅವಧಿಯಲ್ಲಿ ಕ್ಷೇಮವಾಗಿದ್ದರು. ಎರಡು ಮಾತೂ ನೆನಪಿರಬೇಕು.

ನಿಲ್ಲಿಸುವ ಕ್ರಮ

ತಿಂಗಳುಗಟ್ಟಲೆ ಔಷಧಕ್ಕೆ ಹೊಂದಿಕೊಂಡ ಮಿದುಳಿನಿಂದ ಅದನ್ನು ತಟ್ಟನೆ ಕಿತ್ತುಕೊಂಡರೆ ತಲೆಸುತ್ತು, ಓಕರಿಕೆ, ಸಿಡುಕು, ನಿದ್ರಾಭಂಗ, ವಿಚಿತ್ರ ಕನಸುಗಳು, ತಲೆಯೊಳಗೆ ವಿದ್ಯುತ್ತು ಹರಿದಂಥ ಜುಮ್ಮೆನ್ನುವ ಅನುಭವ ಇವು ಉಂಟಾಗಬಹುದು. ಅನೇಕ ಪರೀಕ್ಷೆಗಳನ್ನು ಕೂಡಿಸಿ 2024ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಔಷಧ ಬಿಟ್ಟವರಲ್ಲಿ ಸುಮಾರು ಶೇಕಡ 31 ಮಂದಿ ಇಂಥ ಲಕ್ಷಣಗಳನ್ನು ಹೇಳಿಕೊಂಡರು. ಔಷಧವೇ ಇಲ್ಲದ ಹುಸಿಗುಳಿಗೆಯನ್ನು ಬಿಟ್ಟವರಲ್ಲಿಯೂ ಶೇಕಡ 17 ಮಂದಿ ಹೇಳಿಕೊಂಡರು. ತೀವ್ರವಾದ ತೊಂದರೆ ಸುಮಾರು ಶೇಕಡ 3 ಮಂದಿಗೆ ಉಂಟಾಯಿತು. ವರ್ಷಗಟ್ಟಲೆ ಸೇವಿಸಿದವರಿಗೆ ತೊಂದರೆ ಹೆಚ್ಚಾಗಬಹುದು.

ಔಷಧದ ‘ಅರ್ಧಾಯು’ವೂ ಇಲ್ಲಿ ಮುಖ್ಯ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಕಾಲವೇ ಅರ್ಧಾಯು. ವೆನ್ಲಫ್ಯಾಕ್ಸಿನ್‌ಗೆ ಅದು ಸುಮಾರು 5 ಗಂಟೆ, ಪ್ಯಾರಾಕ್ಸೆಟಿನ್‌ಗೆ ಸುಮಾರು 21 ಗಂಟೆ; ಫ್ಲೂಆಕ್ಸೆಟಿನ್‌ಗೆ ಕೆಲವು ದಿನಗಳು. ಫ್ಲೂಆಕ್ಸೆಟಿನ್ ತಾನಾಗಿ ಮೆಲ್ಲನೆ ಇಳಿಯುವುದರಿಂದ ತೊಂದರೆ ಕಡಮೆ. ಉಳಿದೆರಡರಲ್ಲಿ ಒಂದೆರಡು ದಿನ ತಪ್ಪಿದರೂ ಲಕ್ಷಣಗಳು ಎದ್ದಾವು. ಇಂಥ ಗುಳಿಗೆಗಳನ್ನು ದಿನ ಬಿಟ್ಟು ದಿನ ನುಂಗುವುದು ಬಿಡುವ ಕ್ರಮವಲ್ಲ. ರಕ್ತದಲ್ಲಿನ ಮಟ್ಟ ಏರಿಳಿದು ಬಾಧೆ ಹೆಚ್ಚುತ್ತದೆ.

ಮೇಲೆ ಎಳೆದ ಗೆರೆಯನ್ನು ಈಗ ಬಲದಿಂದ ಎಡಕ್ಕೆ ಓದಿರಿ. 40ರಿಂದ 20 ಮಿಲಿಗ್ರಾಮಿಗೆ ಇಳಿದಾಗ ಮಿದುಳಿಗೆ ತಟ್ಟುವುದು ಅಲ್ಪ ಬದಲಾವಣೆ. 20ರಿಂದ ಸೊನ್ನೆಗೆ ಇಳಿದರೆ ಭಾರಿ ಬದಲಾವಣೆ. ಶಿರಸಿಯಿಂದ ಕುಮಟೆಗೆ ಹೋಗುವ ಬಸ್ಸು ಬಯಲಿನಲ್ಲಿ ವೇಗವಾಗಿ ಓಡಿ, ದೇವಿಮನೆ ಘಟ್ಟ ಬಂದಾಗ ತಿರುವು ತಿರುವಿಗೂ ನಿಧಾನಿಸುತ್ತದಷ್ಟೆ. ಅಂತೆಯೇ ಅಳತೆ ಕಡಮೆಯಾದಷ್ಟೂ ಇಳಿಕೆಯ ಹೆಜ್ಜೆ ಚಿಕ್ಕದಾಗಿರಬೇಕೆಂದು 2019ರಲ್ಲಿ ಹೊರೊವಿಟ್ಸ್ ಮತ್ತು ಟೇಲರ್ ಎಂಬ ಸಂಶೋಧಕರು ಪ್ರತಿಪಾದಿಸಿದರು. ಇದಕ್ಕೆ ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳು ಬೇಕು. ಯಾವ ಗುಳಿಗೆಯನ್ನು ತುಂಡುಮಾಡಬಹುದೆಂದು ವೈದ್ಯರನ್ನೇ ಕೇಳಬೇಕು. ನಿಧಾನವಾಗಿ ಕರಗುವಂತೆ ಮಾಡಿದವನ್ನು ಪುಡಿಮಾಡಬಾರದು.

ಈ ಬಾಧೆಯನ್ನು ರೋಗ ಮರುಕಳಿಸಿತೆಂದು ಭ್ರಮಿಸುವುದುಂಟು. ನಿಲುಗಡೆಯ ಬಾಧೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಆರಂಭವಾಗುತ್ತದೆ, ತಲೆಸುತ್ತು ಮೊದಲಾದ ದೈಹಿಕ ಲಕ್ಷಣಗಳಿರುತ್ತವೆ, ಮತ್ತೆ ಔಷಧ ಕೊಟ್ಟರೆ ಬೇಗ ಶಮನವಾಗುತ್ತದೆ. ರೋಗದ ಮರುಕಳಿಕೆ ಬಹುಮಟ್ಟಿಗೆ ವಾರಗಳ ಅಥವಾ ತಿಂಗಳುಗಳ ಮೇಲೆ ಮೆಲ್ಲನೆ ಬರುತ್ತದೆ.

ಇದು ಚಟವೇ?

ಅಲ್ಲ. ಚಟದಲ್ಲಿ ವಸ್ತುವಿಗಾಗಿ ಹಂಬಲವಿರುತ್ತದೆ; ಅಮಲಿಗಾಗಿ ಪ್ರಮಾಣ ಏರುತ್ತ ಹೋಗುತ್ತದೆ. ಖಿನ್ನತೆಯ ಗುಳಿಗೆಯಲ್ಲಿ ಇವೆರಡೂ ಇಲ್ಲ. ದೇಹ ಹೊಂದಿಕೊಂಡಿರುವುದು ಮಾತ್ರ ನಿಜ. ಆದರೆ ನಿದ್ರೆ ಬರಿಸಲು ಕೊಡುವ ಡಯಾಜೆಪಾಮ್, ಅಲ್ಪ್ರಜೋಲಾಮ್ ಮೊದಲಾದುವು ಬೇರೆ ಬಳಗದವು. ಅವು ಚಟ ಹಿಡಿಸಬಲ್ಲವು. ಎರಡನ್ನೂ ‘ನಿದ್ದೆ ಗುಳಿಗೆ’ ಎಂದು ಒಂದೇ ಹೆಸರಿನಿಂದ ಕರೆಯುವುದರಿಂದ ಈ ಗೊಂದಲ ಹುಟ್ಟಿದೆ.

ಯಾರನ್ನು ಕೇಳಬೇಕು?

ಹಳ್ಳಿಗಳಿಗೆ ಮನೋವೈದ್ಯವನ್ನು ಒಯ್ಯುವ ದಾರಿಯನ್ನು ತೋರಿಸಿಕೊಟ್ಟ ಹೆಮ್ಮೆ ಕರ್ನಾಟಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ರಾಜ್ಯವು ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರದಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ಏರ್ಪಾಡನ್ನು ಆರಂಭಿಸಿತು. ನಮ್ಮ ಮೂರು ತಾಲೂಕುಗಳವರು ವೈದ್ಯರು ಬರುವ ದಿನವನ್ನು ತಮ್ಮ ತಾಲೂಕು ಆಸ್ಪತ್ರೆಯಲ್ಲಿಯೇ ವಿಚಾರಿಸಬಹುದು. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಕೆಲಸಮಾಡುತ್ತಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಗೆ ಹಣ ಕೊಡದೆ, ಹಗಲಿರುಳು ಯಾವಾಗ ಬೇಕಾದರೂ, ಕನ್ನಡದಲ್ಲಿಯೇ ದೂರವಾಣಿ ಮಾಡಬಹುದು.

ಮನೆಯಲ್ಲಿ ಯಾರಾದರೂ ಈ ಔಷಧವನ್ನು ಸೇವಿಸುತ್ತಿದ್ದರೆ, ಮೃಗಶಿರ ಮಳೆ ಹಿಡಿಯುವ ಮೊದಲೇ ವೈದ್ಯರಿಗೆ ದಾರಿಯ ಸ್ಥಿತಿಯನ್ನು ತಿಳಿಸಿ, ಸಾಕಷ್ಟು ದಿನಗಳ ಗುಳಿಗೆಯನ್ನು ಬರೆಯಿಸಿಕೊಳ್ಳತಕ್ಕದ್ದು. ಊರು ಬಿಟ್ಟು ವಿದ್ಯಾರ್ಥಿನಿಲಯದಲ್ಲಿ ಓದುವ ತರುಣರು ಸಂಗಾತಿಗಳ ಕಣ್ಣಿಗೆ ಬಿದ್ದೀತೆಂದು ಗುಳಿಗೆಯನ್ನು ಬಿಡಬಾರದು. ಸಕ್ಕರೆ ಕಾಯಿಲೆಯ ಗುಳಿಗೆಗೆ ಇಲ್ಲದ ನಾಚಿಕೆ ಇದಕ್ಕೂ ಬೇಕಾಗಿಲ್ಲ. ಬಿಡಬೇಕೆನಿಸಿದರೆ ಬಿಡಲು ದಾರಿಯಿದೆ. ಆ ದಾರಿ ವೈದ್ಯರ ಕೊಠಡಿಯಿಂದ ಆರಂಭವಾಗಲಿ.