ಬಿಸಿನೀರಿನ ಕುಂಡದಿಂದ ಏಳುವುದು ಹೇಗೆ?

ಮನಾಲಿಗೆ ಹೊರಟ ನಮ್ಮವರು ಈಗೀಗ ಮಣಿಕರ್ಣ್, ಖೀರ್‌ಗಂಗಾಗಳನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಎರಡೂ ಹಿಮಾಚಲದ ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯಲ್ಲಿರುವ ಬಿಸಿನೀರಿನ ಬುಗ್ಗೆಗಳ ತಾಣಗಳು. ಮಳೆ, ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಕಾದು, ದಾರಿಯಲ್ಲಿ ಖನಿಜ ಕರಗಿಸಿಕೊಂಡು ಮೇಲೆ ಬರುತ್ತದೆ. ಮೇ-ಜೂನ್ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್ ಬೇಡವೇ ಬೇಡ. 2023ರ ಜುಲೈ ಪ್ರವಾಹದಲ್ಲಿ ಕುಲ್ಲು ಜಿಲ್ಲೆ ಏನಾಯಿತೆಂದು ನೆನಪಿರಬೇಕು.

ಭುಂತರ್‌ನಿಂದ ಕಸೋಲ್ ದಾಟಿ ಮಣಿಕರ್ಣ್‌ಗೆ ಸುಮಾರು 35 ಕಿ.ಮೀ., ಬಸ್ಸಿದೆ. ಮುಂದೆ ಬರ್ಶೈಣಿವರೆಗೆ ವಾಹನ, ಅಲ್ಲಿಂದ ಖೀರ್‌ಗಂಗಾಕ್ಕೆ ನಾಲ್ಕೈದು ಗಂಟೆಯ ಏರುದಾರಿ.

ಮಣಿಕರ್ಣ್‌ನ ಬುಗ್ಗೆಯ ನೀರು ಹೆಚ್ಚೂಕಡಿಮೆ ಕುದಿಯುತ್ತಲೇ ಇರುತ್ತದೆ. ಗುರುದ್ವಾರದ ಲಂಗರ್‌ಗೆ ಅಕ್ಕಿ, ಬೇಳೆ ಬೇಯುವುದು ಅದರಲ್ಲೇ. ಪುತ್ತೂರು ಬಳಿಯ ಇರ್ದೆಯ ಬೆಂದ್ರ್ ತೀರ್ಥದ ಬೆಚ್ಚನೆ ನೀರು ಕಂಡವರು ಅದೇ ಲೆಕ್ಕದಲ್ಲಿ ಇಲ್ಲಿ ಕೈ ಅದ್ದಬೇಡಿ. ಸ್ನಾನಕ್ಕೆಂದೇ ಬೇರೆ ಕುಂಡಗಳಿವೆ, ಅಲ್ಲಿಗೇ ಹೋಗಿ. ಕಾಲಿನ ಬದಲು ಮೊಣಕೈ ಅದ್ದಿ ಶಾಖ ನೋಡಿ, ಮಗುವಿಗೆ ನೀರೆರೆಯುವ ಮುಂಚೆ ಅಜ್ಜಿಯರು ನೋಡುವಂತೆ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು. ಸುಟ್ಟದ್ದು ಗೊತ್ತಾಗುವುದೇ ಬೊಬ್ಬೆ ಎದ್ದ ಮೇಲೆ.

ಇನ್ನು ನಾನು ಈ ಲೇಖನ ಬರೆಯಲು ಕೂತ ಕಾರಣ. ಜನ ಕುಂಡಕ್ಕೆ ಇಳಿಯುವಾಗ ಹುಷಾರಾಗಿರುತ್ತಾರೆ, ಏಳುವಾಗ ಇರುವುದಿಲ್ಲ. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು ಅರ್ಧ ಗಂಟೆ ಕುತ್ತಿಗೆವರೆಗೆ ಮುಳುಗಿ ಕೂತಿದ್ದು, ಯಾರೋ ಕರೆದರೆಂದು ಥಟ್ಟನೆ ಎದ್ದು ನಿಂತರು. ಮರುಕ್ಷಣ ಕಣ್ಣು ಕತ್ತಲಾಗಿ ಕುಸಿದರು. ಪಕ್ಕದಲ್ಲಿದ್ದವರು ರಟ್ಟೆ ಹಿಡಿಯದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತು.

ಹಂಡೆ ನೀರು ನಮಗೇನು ಹೊಸದೇ ಎನ್ನುವವರಿದ್ದಾರೆ. ಬಚ್ಚಲಲ್ಲಿ ಚೊಂಬು ಚೊಂಬಾಗಿ ಸುರಿದುಕೊಳ್ಳುವಾಗ ನಡುನಡುವೆ ಮೈ ಆರುತ್ತದೆ. ಕುಂಡದಲ್ಲಿ ಆ ಬಿಡುವಿಲ್ಲ. ಶಾಖಕ್ಕೆ ರಕ್ತನಾಳಗಳು ಹಿಗ್ಗಿ ರಕ್ತ ಚರ್ಮದ ಕಡೆ ಹರಿಯುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಒಳಗಿರುವಷ್ಟು ಹೊತ್ತು ಸುತ್ತಲಿನ ನೀರಿನ ಒತ್ತಡ ಅದನ್ನು ಮರೆಸುತ್ತದೆ. ಎದ್ದು ನಿಂತೊಡನೆ ರಕ್ತ ಕಾಲಿಗಿಳಿದು ಮಿದುಳಿಗೆ ಸಾಲದಾಗುತ್ತದೆ. ಖೀರ್‌ಗಂಗಾದಲ್ಲಿ ಏರುದಾರಿಯ ದಣಿವು, ಬೆವರಿ ಕಳೆದುಕೊಂಡ ನೀರು, ತೆಳುವಾದ ಗಾಳಿ ಎಲ್ಲ ಸೇರುತ್ತವೆ. ಬಿಪಿ ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಹೀಗೆ ಮಾಡಿ. ನಡೆದು ಬಂದೊಡನೆ ಇಳಿಯದೆ ಅರ್ಧ ಗಂಟೆ ಕೂತು ನೀರು ಕುಡಿಯಿರಿ, ಬಿಸ್ಕತ್ತೋ ಬಾಳೆಹಣ್ಣೋ ತಿನ್ನಿ. ಮೊದಲು ಮೊಣಕಾಲು, ಆಮೇಲೆ ಸೊಂಟ; ಎದೆ ಆದಷ್ಟೂ ನೀರಿನ ಮೇಲಿರಲಿ. ಎಂಟು ಹತ್ತು ನಿಮಿಷ ಸಾಕು. ಏಳುವ ಮುಂಚೆ ಕಟ್ಟೆಯ ಮೇಲೆ ಕೂತು, ಕಾಲು ಮಾತ್ರ ನೀರಲ್ಲಿ ಬಿಟ್ಟು ಎರಡು ಮೂರು ನಿಮಿಷ ಸುಧಾರಿಸಿಕೊಳ್ಳಿ. ನಂತರ ಕಾಲು ಹೊರಗೆಳೆದು, ಇನ್ನೊಬ್ಬರ ಕೈ ಹಿಡಿದು ನಿಧಾನವಾಗಿ ನಿಲ್ಲಿ. ತಲೆ ಹಗುರಾದಂತೆ ಅನಿಸಿದರೆ ನಾಚಿಕೆ ಬಿಟ್ಟು ಅಲ್ಲೇ ಕೂತುಬಿಡಿ. ಬದರಿಯ ತಪ್ತಕುಂಡಕ್ಕೂ ಇದೇ ಕ್ರಮ. ಅಲ್ಲಿ ದರ್ಶನದ ಅವಸರದಲ್ಲಿ ಹಿರಿಯರು ದಡಬಡಿಸಿ ಏಳುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕುಡಿದು ಇಳಿಯುವ ಹುಡುಗರಿಗೆ ಒಂದೇ ಮಾತು: ಇಳಿಯಬೇಡಿ. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಳಿಯುವುದು ತಪ್ಪು.

ಉಳಿದವು ಚುಟುಕಾಗಿ. ಗಂಧಕದ ನೀರಲ್ಲಿ ಬೆಳ್ಳಿ ಕಪ್ಪಾಗುತ್ತದೆ, ಕಾಲುಂಗುರ, ಉಡುದಾರ ತೆಗೆದಿಡಿ. ಸೋಪು, ಶಾಂಪೂ ತರಬೇಡಿ. ಮೂಗಿಗೆ ನೀರು ಹೋಗುವಂತೆ ಮುಳುಗಬೇಡಿ. ಔಷಧಿಯೆಂದು ಬಾಟಲಿ ತುಂಬಿಕೊಂಡು ಕುಡಿಯುವುದೂ ಬೇಡ. ಕೆಲವು ಬಿಸಿನೀರ ಬುಗ್ಗೆಗಳಲ್ಲಿ ಫ್ಲೋರೈಡ್, ಆರ್ಸೆನಿಕ್ ಇರುತ್ತವೆ. ಖೀರ್‌ಗಂಗಾದಲ್ಲಿ ಹೆಂಗಸರಿಗೆ ಗೋಡೆ ಕಟ್ಟಿದ ಪ್ರತ್ಯೇಕ ಕುಂಡವಿದೆ. ರಾತ್ರಿ ಉಳಿಯುವ ನಿಯಮಗಳು ಬದಲಾಗುತ್ತಿರುತ್ತವೆ, ಬರ್ಶೈಣಿಯಲ್ಲೇ ವಿಚಾರಿಸಿ. ಒಣ ಟವೆಲ್ಲು, ಉಣ್ಣೆಯ ಟೋಪಿ ಕುಂಡದ ಪಕ್ಕದಲ್ಲೇ ಇರಲಿ, ರೂಮಿನ ಚೀಲದಲ್ಲಲ್ಲ.