ಲಾಗ್‌ನಲ್ಲಿ ಅದೇ ಸಾಲು, ಮತ್ತೆ ಮತ್ತೆ

ಹಳೆಯ ಡೆಸ್ಕ್‌ಟಾಪನ್ನೇ ಲಿನಕ್ಸ್ ಸರ್ವರ್ ಮಾಡಿಕೊಂಡ ಓದುಗರೊಬ್ಬರ ದೂರು ಇದು: ಲಾಗ್ ತುಂಬ ಒಂದೇ ಹಾರ್ಡ್‌ಡಿಸ್ಕಿನ ಸಿಆರ್‌ಸಿ ದೋಷ, ಅದರ ಹಿಂದೆಯೇ ‘ಹಾರ್ಡ್ ರೀಸೆಟಿಂಗ್ ಲಿಂಕ್’. ಹೊಸ ಡಿಸ್ಕ್ ಕೊಳ್ಳಬೇಕೇ?

ಸದ್ಯಕ್ಕೆ ಬೇಡ.

ಸಿಆರ್‌ಸಿ ಎಂಬುದು ದತ್ತಾಂಶ ದಾರಿಯಲ್ಲಿ ಕೆಟ್ಟಿತೇ ಎಂದು ನೋಡುವ ತಾಳೆ. ಅದು ತಪ್ಪಿದರೆ ಮೊದಲ ಅನುಮಾನ ಸಾಟಾ ಕೇಬಲ್ಲಿನ ಮೇಲೆ. ಡಿಸ್ಕಿನ ಆರೋಗ್ಯದ ಅಂಕಿಗಳನ್ನು ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ ಓಡಿಸಿ 199ನೆಯ ಅಂಶ, ಅಂದರೆ ಸಿಆರ್‌ಸಿ ದೋಷಗಳ ಎಣಿಕೆ, ನೋಡಲಿ. ಏರುತ್ತಿರುವುದು ಅದೊಂದೇ ಆಗಿದ್ದು, ಕೆಟ್ಟ ಸೆಕ್ಟರ್‌ಗಳ ಲೆಕ್ಕವಿಡುವ 5 ಮತ್ತು 197 ಸೊನ್ನೆಯಲ್ಲಿದ್ದರೆ ಡಿಸ್ಕಿನ ತಟ್ಟೆಗಳು ಬಹುಮಟ್ಟಿಗೆ ಕ್ಷೇಮ. ಸಂಪರ್ಕದ ವೇಗ ಸೆಕೆಂಡಿಗೆ 6 ಗಿಗಾಬಿಟ್‌ನಿಂದ 3ಕ್ಕೋ 1.5ಕ್ಕೋ ಇಳಿದಿದ್ದರೆ ಆ ಅನುಮಾನ ಇನ್ನೂ ಗಟ್ಟಿ.

ಮೊದಲು ಬ್ಯಾಕಪ್. ಆಮೇಲೆ ಯಂತ್ರ ಆರಿಸಿ ಕೇಬಲ್ ಬದಲಿಸಬೇಕು. ದೋಷ ಬಿಡದಿದ್ದರೆ ಮದರ್‌ಬೋರ್ಡಿನ ಬೇರೆ ಪೋರ್ಟ್, ನಂತರ ಪವರ್ ಸಪ್ಲೈ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಉತ್ಸಾಹಿಗಳಿದ್ದಾರೆ. ಕಳ್ಳ ಯಾರೆಂಬುದು ಅವರಿಗೆ ಗೊತ್ತಾಗುವುದೇ ಇಲ್ಲ.

ಹೊಸ ಕೇಬಲ್ ಹಾಕಿದರೂ 199ರ ಎಣಿಕೆ ಸೊನ್ನೆಗೆ ಇಳಿಯದು. ಇವತ್ತಿನ ಅಂಕಿ ಬರೆದಿಟ್ಟು, ದೊಡ್ಡ ಫೈಲುಗಳನ್ನು ನಕಲು ಮಾಡಿ, ಮರುದಿನ ಹೋಲಿಸಬೇಕು. 5 ಅಥವಾ 197 ಏರತೊಡಗಿದರೆ ಮಾತ್ರ ಅಂಗಡಿಗೆ ಹೊರಡಬಹುದು, ಅದೂ ವಾರಂಟಿ ಉಳಿದಿದೆಯೇ ಎಂದು ನೋಡಿಕೊಂಡು.